ಬಾಯಾರು ಕೇಳಿದ ಬೋಳು ಗಿಡ

ಮೊನ್ನೆ ಅಕ್ಕನ ಮೊಣಕಾಲಿನ ಎಕ್ಸ್‌ರೇ ಬಂತು. ಚೆಂಬೂರಾಗ ಅಕ್ಕನ ಮನಿ ಹತ್ರದ ಸಣ್ಣ ದವಾಖಾನ್ಯಾಗ ತಗಿಸಿದ್ದು. ದೊಡ್ಡ ಕಂದು ಪಾಕೀಟಿನಾಗಿಂದ ಫಿಲ್ಮು ಹೊರಗ ತಗದೆ. ಬೆಳಕಿಗೆ ಹಿಡಿಯೂದು ಬಿಟ್ಟು ಮೂಗಿಗೆ ಹಿಡದೆ.

“ಏ ಹುಚ್ಚಾ, ಅದೇನು ಮಲ್ಲಿಗಿ ಹೂವೇನೋ?” ಅಂದ್ಲು ಅಕ್ಕ. “ಎಲುಬು ನೆಟ್ಟಗ ಐತೋ ಇಲ್ಲೋ ಅದನ್ನ ಹೇಳು.”

ಎಲುಬು ನನಗೇನು ತಿಳೀತೈತಿ? ನಾ ವಾಸನಿ ನೋಡಿದೆ. ಹೈಪೋ ವಾಸನಿ. ಫೋಟೋ ಬೆಳಕಿಗೆ ಕೆಡಬಾರದು ಅಂತ ಕಡೀಕೆ ಅದ್ದತಾರಲ್ಲ, ಆ ನೀರು. ತೊಳದಾಂವ ಅವಸರ ಮಾಡ್ಯಾನ, ಸಾಲೂವಷ್ಟು ನೀರು ಬಿಟ್ಟಿಲ್ಲ. ದಹಿಸರದಾಗ ನಂದೂ ಒಂದು ಸಣ್ಣ ಫೋಟೋ ಅಂಗಡಿ ಐತಿ. ಹೈಪೋ ದಿನಾ ಮೂಗಿಗೆ ಬಡೀತೈತಿ, ಅನ್ನದ ತುತ್ತಿನಾಗೂ ಬಡೀತೈತಿ. ಆದ್ರ ದವಾಖಾನಿ ಹೈಪೋ ಬ್ಯಾರೆ. ಅದರಾಗ ಫಿನೈಲ್ ಕೂಡಿರತೈತಿ. ಆ ವಾಸನಿ ಬಂತಂದ್ರ ನನಗ ಒಬ್ಬರು ಡಾಕ್ಟರ್ ಬಾಯಿ, ಅಂದ್ರ ಡಾಕ್ಟರ್ ಅಮ್ಮಾರು, ನೆನಪಾಗತಾರ. ಅವರ ಮಾತು ಯಾರ ಮುಂದೂ ಹೇಳಿಲ್ಲ, ಈಗ ಹೇಳ್ತೀನಿ. ನಾ ನಾಲ್ಕನೇ ಇಯತ್ತೆ ಕಲತಾಂವ, ಅಲಂಕಾರ ಗಿಲಂಕಾರ ಬರಂಗಿಲ್ಲ. ಇದ್ದದ್ದು ಇದ್ದಂಗ ಹೇಳ್ತೀನಿ, ಕುಂತು ಕೇಳ್ರಿ. ಚಾ ನೀವ ತರಿಸ್ಕೋರಿ.

ಎಂಟು ವರ್ಷದ ಹಿಂದ ನಾ ಬೈಕುಲ್ಲಾದ ಒಂದು ದೊಡ್ಡ ದವಾಖಾನ್ಯಾಗ ಇದ್ದೆ. ಮೊದಲು ಅರಬಿ ಒಗಿಯೋ ಖಾತೆ. ರಕ್ತದ ಚಾದರ, ಬಿಸಿ ನೀರು, ಸೋಡಾ. ಒಂದಿನ ಡಾರ್ಕ್‌ರೂಮಿನ್ಯಾಂವ “ಎರಡು ದಿನ ಊರಿಗೆ ಹೋಗಿ ಬರ್ತೀನಿ, ನೋಡ್ಕೋ” ಅಂತ ಕೀಲಿಕೈ ನನ್ನ ಕೈಯಾಗ ಇಟ್ಟು ಹೋದ. ಇನ್ನೂ ಬಂದಿಲ್ಲ. ಹಿಂಗ ನಾ ಡಾರ್ಕ್‌ರೂಮಿನ್ಯಾಂವ ಆದೆ. ಕಿಡಕಿ ಇಲ್ಲದ ಖೋಲಿ, ಮೂರು ಕಲ್ಲಿನ ತೊಟ್ಟಿ, ಒಂದು ನಳ. ದವಾಖಾನಿ ಎಕ್ಸ್‌ರೇ ಎಲ್ಲಾ ಅಲ್ಲೇ ತೊಳೀತಿದ್ದೆ. ಬಾಗಲ ಹಾಕಿದ್ರ ನನ್ನ ಕೈ ನನಗ ಕಾಣಂಗಿಲ್ಲ. ಆದ್ರ ಅಲ್ಲೆ ನನ್ನನ್ನ ಯಾರೂ “ಏಯ್” ಅನ್ನತಿರಲಿಲ್ಲ. ಬಾಗಲ ಬಡದು, ನಿಂತು, ಕಾಯತಿದ್ರು. ಡಾಕ್ಟರೂ ಕಾಯತಿದ್ರು. ಅದು ನನಗ ಭಾಳ ಸೇರತಿತ್ತು.

ಈ ಬಾಯಿ ಮೆದುಳಿನ ಡಾಕ್ಟರ್. ಜೀವ ಇದ್ದ ಪೇಶಂಟ್ ನೋಡ್ತಿರಲಿಲ್ಲ. ಸತ್ತವರ ಮೆದುಳಿನ ಎಳಿ ಎಳಿ ಚೂರು ಕಾಜಿನ ಮ್ಯಾಲ ಇಟ್ಟು, ಸಣ್ಣದನ್ನ ದೊಡ್ಡದು ಮಾಡಿ ತೋರಸೋ ದುರ್ಬೀನದಾಗ ನೋಡಿ, ಕಾಜಿನ ಪ್ಲೇಟಿನ ಮ್ಯಾಲ ಅದರ ಫೋಟೋ ಹೊಡೀತಿದ್ರು. ಆ ಪ್ಲೇಟು ತೊಳೆಯೋದು ನಂದು. ಉಡುಪಿ ಕಡೆಯವರು. ಐವತ್ತು ದಾಟಿತ್ತು. ಬಿಳಿ ಸೀರಿ, ಕಾಲಾಗ ಮಾತ್ರ ಗಂಡಸರ ಬೂಟು. ನಡದು ಬಂದ್ರ ಪೋಲೀಸ್ ಬಂದಂಗ ಸಪ್ಪಳ. ದವಾಖಾನ್ಯಾಗ ಎಲ್ಲಾರೂ ಬಾಯಿ ಬಾಯಿ ಅನ್ನತಿದ್ರು, ನಾ ನಮ್ಮ ಕಡೆ ಪದ್ಧತಿಯಂಗ ಬಾಯಾರ ಅನ್ನತಿದ್ದೆ. ಅವರ ಕನ್ನಡ ನನಗ ಅರ್ಧ ತಿಳೀತಿತ್ತು, ನನ್ನದು ಅವರಿಗೆ ಕಾಲಭಾಗ.

ಈಗ ಎಣಿಸೋ ಮಾತು ಹೇಳಬೇಕು, ಇಲ್ಲಂದ್ರ ಮುಂದಿಂದು ತಿಳಿಯಂಗಿಲ್ಲ. ಆ ಪ್ಲೇಟು ಕಪ್ಪನ ಕತ್ತಲದಾಗ ಮದ್ದಿನ ನೀರಿನಾಗ ಎಂಟು ನಿಮಿಷ ಇರಬೇಕು. ಕೆಂಪು ದೀಪ ಸುದ್ದ ಹಚ್ಚಂಗಿಲ್ಲ. ಕತ್ತಲದಾಗ ಹೊಳಿಯೋ ಗಡಿಯಾರ ಒಂದಿತ್ತು, ನಾ ಹೋದ ಎರಡನೇ ವಾರಕ್ಕ ಬಿದ್ದು ಒಡೀತು. ಹೊಸಾದು ಕೇಳಿ ಆಫೀಸಿಗೆ ಚೀಟಿ ಹೋತು. ಚೀಟಿ ಹೋತು ಅಷ್ಟ. ನಾ ಅಂದೆ, ಗಡಿಯಾರ ಯಾಕ ಬೇಕು, ನಾ ಎಣಿಸ್ತೀನಿ.

ನಮ್ಮಪ್ಪ ಬಾಗಲಕೋಟ್ಯಾಗ ಅಡತಿ ಅಂಗಡಿ ಮುಂದ ಜ್ವಾಳ ಅಳಿಯಾಂವ. ಅಳಿಯೋರು ಒಂದು ಅನ್ನಂಗಿಲ್ಲ, ಗೊತ್ತಲ್ಲ? ಮೊದಲನೇ ಸೇರಿಗೆ “ಲಾಭ” ಅಂತಾರ. ಲಾಭಾ... ಎರಡಾ... ಮೂರಾ... ಅಂತ ಎಳದು ಎಳದು ಹೇಳಾಂವ ನಮ್ಮಪ್ಪ. ಸೇರು ತುಂಬಿ ಸುರುವೋ ತನಕ ಮಾತು ಮುಗೀತಿರಲಿಲ್ಲ. ನಾ ಹಂಗ ಎಣಿಸ್ತಿದ್ದೆ. ಅರವತ್ತಾದ ಮ್ಯಾಲ ಒಂದು ಹುಣಸಿ ಬೀಜ ಎಡಗಡೆ ಕಿಸೆದಾಗಿಂದ ಬಲಗಡೆ ಕಿಸೆಕ್ಕ. ಎಂಟು ಬೀಜ ಆದ್ರ ಪ್ಲೇಟು ಹೊರಗ. ಆರು ತಿಂಗಳು ಒಂದ ಒಂದು ಪ್ಲೇಟು ಕೆಡಲಿಲ್ಲ. ನನಗ ಕೋಡು ಬಂದಿದ್ದವು.

ಆಮ್ಯಾಲ ಆ ಮಳಿಗಾಲ ಬಂತು. ಕುರ್ಲಾ ಮತ್ತ ಸಾಯನ್ ನಡುವ ಲೋಕಲ್ ನಿಂತಿತು. ಹಳಿ ಮ್ಯಾಲ ನೀರು. ನಾಕು ತಾಸು. ಡಬ್ಬ್ಯಾಗ ಮಂದಿ ಹೆಂಗ ತುಂಬಿತ್ತಂದ್ರ, ಕೈ ಮ್ಯಾಲ ಎತ್ತಿದಾಂವಗ ಕೆಳಗ ಇಳಸಾಕ ಜಾಗ ಇಲ್ಲ. ನನ್ನ ಮಗ್ಗಲಾಗ ಒಬ್ಬಾಂವ ನಿಂತಲ್ಲೇ ಮೂರ್ಛೆ ಹೋದ. ಬೀಳಲಿಲ್ಲ, ಬೀಳಾಕ ಜಾಗ ಎಲ್ಲೈತಿ? ನನ್ನ ಭುಜದ ಮ್ಯಾಲ ತಲಿ ಇಟ್ಟು ಹಂಗ ನಿಂತ. ನನಗೇನೂ ಆಗಲಿಲ್ಲ. ಅದ ನಗಿ ಬರೋ ಮಾತು. ನನಗ ಏನಂದ್ರ ಏನೂ ಆಗಲಿಲ್ಲ.

ಆದ್ರ ಮರುದಿನದಿಂದ ಗಾಡಿ ಹತ್ತಿದ್ರ ಎದಿ ಬಡಕೊಳ್ಳಾಕ ಹತ್ತೂದು. ಕೈ ತಣ್ಣಗ, ಬಾಯಿ ಒಣಗೂದು, ಕಿವ್ಯಾಗ ಗಿರಣಿ ನಡದಂಗ ಸದ್ದು. ಈಗ ಸತ್ತೆ, ಇದ ಕಡೀ ಅನಸೂದು. ಮುಂದಿನ ಸ್ಟೇಷನ್ ಬಂದ ಕೂಡಲೇ ಇಳೀತಿದ್ದೆ. ಇಳದು ಕಲ್ಲಿನ ಬೆಂಚಿನ ಮ್ಯಾಲ ಕುಂತು, ಮುಂದಿನ ಗಾಡಿ ಹತ್ತೂದು. ಮತ್ತ ಇಳಿಯೂದು. ಚೆಂಬೂರಿಂದ ಬೈಕುಲ್ಲಾಕ್ಕ ಮಂದಿ ಎರಡು ಗಾಡ್ಯಾಗ ಹೋಗತಾರ, ನಾ ಎಂಟೊಂಬತ್ತು ಗಾಡಿ ಹಿಡೀತಿದ್ದೆ. ಆಗ ಅಕ್ಕನ ಮನ್ಯಾಗ ಇದ್ದೆ. ಡ್ಯೂಟಿ ಲಗೂ ಆಗೇತಿ ಅಂತ ಅಕ್ಕಗ, ಮಾಮಾಗ ಸುಳ್ಳು ಹೇಳಿದೆ. ಖರೇ ಹೆಂಗ ಹೇಳ್ಲಿ? ಮಾಮಾ ರಿಫೈನರ್ಯಾಗ ಟಾಕಿ ಮ್ಯಾಲ ಹಗ್ಗಕ್ಕ ಜೋತುಬಿದ್ದು ಬಣ್ಣ ಹಚ್ಚಾಂವ. ಅವನ ಮುಂದ, ಮಾಮಾ ನನಗ ಕುಂತ ಗಾಡ್ಯಾಗ ಅಂಜಿಕಿ ಬರ್ತೈತಿ ಅಂತ ಹೇಳೋದೇನು?

ಅಂಜಿಕಿ ಗಾಡಿಯಾಗ ಉಳೀಲಿಲ್ಲ. ಡಾರ್ಕ್‌ರೂಮಿಗೂ ಬಂತು.

ಫೆಬ್ರುವರಿ ಇರಬೇಕು, ಬಾಯಾರು ನನ್ನ ಕರೆ ಕಳಿಸಿದ್ರು. ಅವರ ಖೋಲ್ಯಾಗ ಬೆಳಕಿನ ಪೆಟಿಗಿ ಮ್ಯಾಲ ಹತ್ತು ಹದಿನೈದು ಪ್ಲೇಟು ಸಾಲಾಗಿ ಹಚ್ಚಿದ್ರು. ಒಂದು ತುದಿ ಕಪ್ಪು, ಇನ್ನೊಂದು ತುದಿ ನೀರು ಕುಡದ ಗಂಜಿಯಂಗ ತೆಳ್ಳಗ.

“ಇದೆಲ್ಲ ಎಂತದು ಮಾರಾಯ? ಒಂದೇ ಮದ್ದು, ಒಂದೇ ಹೊತ್ತು. ಇದು ಸರಿ ಉಂಟು, ಇದು ಯಾಕೆ ಬಿಳುಚಿಕೊಂಡದ್ದು?”

“ಮದ್ದು ಹಳೇದಾಗಿರಬೇಕ್ರಿ.”

“ಮದ್ದು ನಾನೇ ಕಲಸಿದ್ದು.”

“ನೀರು ತಣ್ಣಗ ಇರಬೇಕ್ರಿ.”

“ಬೊಂಬಾಯಿಯಲ್ಲಿ? ಎಣಿಸು ನೋಡುವ. ಗಟ್ಟಿಯಾಗಿ ಅರವತ್ತು.” ಅವರು ಕೈಗಡಿಯಾರ ನೋಡಕೋತ ನಿಂತ್ರು.

ನಾ ಲಾಭ ಅಂತ ಶುರು ಮಾಡಿದೆ. ಅರವತ್ತು ಮುಗಿಸಿ ನೋಡಿದ್ರ ಅವರು ಹುಬ್ಬು ಏರಿಸಿದ್ರು. “ನಲವತ್ತೊಂದು ಸೆಕೆಂಡ್. ನಿನ್ನ ನಿಮಿಷ ಓಡ್ತಾ ಉಂಟು. ಎಂಟು ನಿಮಿಷ ಅಂತ ಹೇಳಿ ಐದೂವರೆಗೆ ತೆಗೀತಿದ್ದಿ ನೀನು.” ಹಂಗ ನನ್ನ ಮುಂಗೈ ಹಿಡದು ನಾಡಿ ನೋಡಿದ್ರು. “ಓಡಿ ಬಂದಿಯಾ?”

“ಇಲ್ರಿ. ಇಲ್ಲೇ ನಿಂತೀನಲ್ರಿ.”

“ಮತ್ತೆ ಇದು ಯಾಕೆ ಕುದುರೆ ಹಾಗೆ ಓಡುದು?”

ನೋಡ್ರಿ, ಒಂದೂವರಿ ವರ್ಷ ಯಾರಿಗೂ ಹೇಳದ್ದು ಬಾಯಿಂದ ಬಂತು. ಗಾಡಿ, ನೀರು, ಭುಜದ ಮ್ಯಾಲ ತಲಿ ಇಟ್ಟಾಂವ, ಕಲ್ಲಿನ ಬೆಂಚು, ಎಲ್ಲಾ. ಹೇಳಿ ಮುಗಿಸಿ ನೆಲ ನೋಡಕೋತ ನಿಂತೆ. ಕೆಲಸ ಹೋತು ಅಂದಕೊಂಡೆ. ಖರೇನೂ ಹೋಗೂದ ಇತ್ತು. ಆಫೀಸಿನ ದೊಡ್ಡ ಸಾಹೇಬ ಪೇಲವ ಎಕ್ಸ್‌ರೇ ನೋಡಿ ನೋಡಿ ಸಾಕಾಗಿ, “ಉಸಕೋ ವಾಪಸ್ ಲಾಂಡ್ರೀ ಮೇ ಡಾಲೋ” ಅಂದಿದ್ದನಂತ. ಡಾರ್ಕ್‌ರೂಮು ಬಿಟ್ಟು ಮತ್ತ ಚಾದರ ಒಗೀಲಿ ಅಂದ್ರ, ನಾ ಊರಿನ ಗಾಡಿ ಹತ್ತಾಂವ ಇದ್ದೆ. ಆ ಗಾಡಿ ಮಾತ್ರ ಹೆಂಗ ಹತ್ತತಿದ್ದೆನೋ, ಅದು ಬ್ಯಾರೆ ಮಾತು.

ಬಾಯಾರು ನಗಲಿಲ್ಲ, ಮರುಗಲೂ ಇಲ್ಲ. ದುರ್ಬೀನದ ಮುಂದ ಸ್ಟೂಲ್ ಎಳದ್ರು. “ಕೂತ್ಕೋ. ನೋಡು.”

ನೋಡಿದೆ. ಬಂಗಾರ ಬಣ್ಣದ ಬಯಲಾಗ ಒಂದು ಕರೀ ಗಿಡ. ದಪ್ಪ ಬೊಡ್ಡಿ, ಅದರಿಂದ ಟೊಂಗಿ, ಟೊಂಗಿಯಿಂದ ಸಣ್ಣ ಟೊಂಗಿ, ಅದರ ಮ್ಯಾಲ ಮುಳ್ಳು ಮುಳ್ಳು. ಎಲಿ ಒಂದೂ ಇಲ್ಲ.

“ಗಿಡ ಐತ್ರಿ.”

“ಇಷ್ಟು ದೊಡ್ಡದಕ್ಕೆ ಮರ ಹೇಳುದು.”

“ನಮ್ಮ ಕಡೆ ಎಲ್ಲಾದಕ್ಕೂ ಗಿಡಾನ ಅಂತಾರ್ರಿ.”

“ಆಯ್ತು, ಗಿಡ. ಇದು ನರ. ಮೆದುಳಿನ ಒಂದೇ ಒಂದು ನರ. ಬೆಳ್ಳಿಯ ನೀರಲ್ಲಿ ಅದ್ದಿದ್ದಕ್ಕೆ ಕಪ್ಪಾದದ್ದು. ನಿನ್ನ ಪ್ಲೇಟಲ್ಲಿ ಕಪ್ಪಾಗುದೂ ಬೆಳ್ಳಿಯೇ. ಇಂಥದ್ದು ನಿನ್ನ ತಲೆಯಲ್ಲಿ ಕೋಟಿಗಟ್ಟಲೆ ಉಂಟು, ಸಾಹೇಬರ ತಲೆಯಲ್ಲೂ ಉಂಟು, ಬಳಸುದು ಅವರಿಷ್ಟ.”

“ಇದು ಯಾರದ್ರೀ?” ಅಂದೆ.

“ಹೆಸರಿಲ್ಲ, ನಂಬರ್ ಮಾತ್ರ.” ಆಮ್ಯಾಲ ಅಂದ್ರು, “ಇವನಿಗೂ ಹೆದರಿಕೆ ಇದ್ದಿರಬೇಕು. ಎಲ್ಲರಿಗೂ ಉಂಟು. ಒಳಗೆ ಬಾದಾಮಿ ಬೀಜದಷ್ಟು ಒಂದು ಜಾಗ, ಅದು ಕಾವಲು ನಾಯಿ. ಕಳ್ಳ ಬಂದ್ರೂ ಬೊಗಳ್ತದೆ, ಪೋಸ್ಟ್‌ಮ್ಯಾನ್ ಬಂದ್ರೂ ಬೊಗಳ್ತದೆ. ಆ ದಿನ ನೀರಲ್ಲಿ ನಿನ್ನ ನಾಯಿ ಹೆದರಿತು. ಈಗ ಲೋಕಲ್ ಕಂಡ್ರೆ ಸಾಕು, ಶುರು.”

“ಬಡದು ಹಾಕಾಕ ಬರಂಗಿಲ್ಲೇನ್ರಿ?”

“ಹೊಡೆದ್ರೆ ಇನ್ನೂ ಬೊಗಳ್ತದೆ ಮಾರಾಯ! ಎಷ್ಟು ಹೊತ್ತು ಬೊಗಳ್ತದೆ ಅಂತ ನೋಡಿದ್ದೀಯಾ?”

ನೋಡಿರಲಿಲ್ಲ. ಎಲ್ಲಾ ಎಣಿಸಾಂವ, ಅದೊಂದು ಎಣಿಸಿರಲಿಲ್ಲ. ಎಣಿಸೋ ತನಕ ಕುಂತಿದ್ರಲ್ಲ? ಇಳದು ಬಿಡತಿದ್ದೆ.

ಆವತ್ತ ಅವರು ನನಗ ಕೆಲಸ ಹಚ್ಚಿದ್ರು. ಮಾರ್ಚ್ ಕಡೀಕೆ ದವಾಖಾನಿ ಸಭಾದಾಗ ಅವರದೊಂದು ಭಾಷಣ ಇತ್ತು, ನರ್ಸು ಕಲಿಯೋ ಹುಡುಗ್ಯಾರಿಗೆ, ಹೊಸಾ ಡಾಕ್ಟರಿಗೆ. ನರದ ಫೋಟೋ ಮಗ್ಗಲಾಗ ನರದಂಗ ಕಾಣೋ ಬ್ಯಾರೆ ಬ್ಯಾರೆ ಫೋಟೋ ತೋರಸೂದು, ನೆನಪಿನಾಗ ಉಳೀಲಿ ಅಂತ. ಅವು ನಾ ಹೊಡಕೊಂಡು ಬರಬೇಕು, ಐತವಾರ ಐತವಾರ. ಸಾಹೇಬಗ ಏನು ಹೇಳಿದ್ರೋ, ಭಾಷಣದ ತನಕ ನನಗ ಡಾರ್ಕ್‌ರೂಮು ಉಳೀತು. ಭಾಷಣ ಆದ ಮರುದಿನ ನನ್ನ ಪ್ಲೇಟು ನೋಡಿ ತೀರ್ಮಾನ.

“ನಾ ತೊಳಿಯಾಂವ್ರಿ. ಹೊಡಿಯಾಕ ಬರಂಗಿಲ್ಲ.”

“ತೊಳೆಯುವವನಿಗೆ ಬೇಗ ಬರ್ತದೆ,” ಅಂತ ತಮ್ಮ ಕ್ಯಾಮೆರಾ ನನ್ನ ಕೊರಳಿಗೆ ಹಾಕಿದ್ರು.

ಎರಡು ಕಣ್ಣಿನ ಕ್ಯಾಮೆರಾ ಅದು. ಹೊಟ್ಟಿ ಮ್ಯಾಲ ಹಿಡದು, ತಲಿ ಬಗ್ಗಿಸಿ, ಮ್ಯಾಲಿನ ಕಾಜಿನಾಗ ನೋಡಬೇಕು. ಎಡ ಬಲಕ್ಕ, ಬಲ ಎಡಕ್ಕ ಕಾಣತೈತಿ. ಈ ಕಡೆ ಸರಸ್ರಿ ಅಂದ್ರ ಆ ಕಡೆ ಓಡತೈತಿ. ಒಂದು ರೀಲಿಗೆ ಹನ್ನೆರಡ ಫೋಟೋ. “ಉಸಿರು ಬಿಟ್ಟು ಆಮೇಲೆ ಒತ್ತು, ಇಲ್ಲದಿದ್ರೆ ಅಲುಗಾಡ್ತದೆ,” ಅಂದ್ರು. ಉಸಿರು ಬಿಡೂದು! ಒಂದೂವರಿ ವರ್ಷದಿಂದ ನಾ ಬರೇ ಎಳಕೊಳ್ಳಾಕ ಹತ್ತಿದ್ದೆ, ಬಿಡೂದು ಮರತ ಹೋಗಿತ್ತು.

ಮೊದಲ ಐತವಾರ ಗಾಡಿ ಬ್ಯಾಡ ಅಂತ ಚೆಂಬೂರಿಂದ ನಡಕೋತ ಖಾಡಿ ದಂಡಿಗೆ ಹೋದೆ. ಸಮುದ್ರದ ನೀರು ಇಳದು ಕೆಸರು ಬಿದ್ದಿತ್ತು. ಆ ಕೆಸರಿನಾಗ ನೀರು ಹರದ ದಾರಿ, ದೊಡ್ಡದರಾಗಿಂದ ಸಣ್ಣದು, ಸಣ್ಣದರಾಗಿಂದ ಇನ್ನೂ ಸಣ್ಣದು. ದುರ್ಬೀನದಾಗ ಕಂಡದ್ದ. ಮಗ್ಗಲಾಗ ಕುಳ್ಳ ಕುಳ್ಳ ಗಿಡ. ಅವುಗಳ ಬೇರು ಕೆಳಗ ಹೋಗೂದು ಬಿಟ್ಟು ಕೆಸರಿನಾಗಿಂದ ಬೆರಳಿನಂಗ ಮ್ಯಾಲ ಎದ್ದಿದ್ದವು. ನಾ ಕಾಜಿನಾಗ ತಲಿ ಇಟ್ಟು ನಿಂತೆ. ಅಷ್ಟು ದೊಡ್ಡ ಖಾಡಿ ಅಂಗೈಯಷ್ಟಾಗಿ, ಸದ್ದಿಲ್ಲದ, ಹೊಳಕೋತ ಕುಂತಿತ್ತು. ಉಸಿರು ಬಿಟ್ಟೆ, ಒತ್ತಿದೆ. ಮತ್ತ ಬಿಟ್ಟೆ. ಒಂದು ತಾಸು ಎದಿ ನೆನಪ ಬರಲಿಲ್ಲ ನೋಡ್ರಿ.

ಬುಟ್ಟಿ ಹೊತ್ತ ಒಬ್ಬಾಕಿ ಮೀನಗಾರ್ತಿ ನಿಂತು ನೋಡಿದ್ಲು. “ಕಾಯ್ ರೇ, ಚಿಖಲಾಚಾ ಫೋಟೋ?” ಕೆಸರಿನ ಫೋಟೋ ಯಾರಾರ ತಗೀತಾರೇನೋ ಅಂತ ಅಕಿ ಕೇಳೂದು. ಹೌದಂದೆ. “ಮಾಝಾ ಕಾಢ್ ನಾ, ಮೀ ಬರೀ ನಾಹೀ ಕಾ?” ನಂದು ತಗಿ, ನಾ ಏನು ಚಂದ ಇಲ್ಲೇನು ಅಂತ ಸೊಂಟದ ಮ್ಯಾಲ ಕೈ ಇಟ್ಟು ನಿಂತ್ಲು. ರೀಲು ಖರ್ಚಾಗತೈತಿ ಅಂದೆ. ಅಕಿ ಬೈದದ್ದು ಇಲ್ಲೆ ಬರಿಯಾಕ ಬರಂಗಿಲ್ಲ. ಈಗ ಅನಸತೈತಿ, ಒಂದು ತಗದಿದ್ರ ನಡೀತಿತ್ತು. ಹನ್ನೆರಡರಾಗ ಅದೊಂದ ನೆಟ್ಟಗ ಬರತಿತ್ತು. ಉಳದವು ಎಲ್ಲಾ ಓರಿ, ನೀರು ಒಂದ ಕಡೆ ಸುರದು ಹೋಗಾಕ ಹತ್ತಿದಂಗ. ಬಾಯಾರು ನೋಡಿ, “ಭೂಮಿ ಇಷ್ಟು ಬಗ್ಗಿದ್ದು ನನಗೆ ಗೊತ್ತಿರಲಿಲ್ಲ,” ಅಂದ್ರು.

ಮೂರನೇ ಐತವಾರಕ್ಕ ಕೈ ಕುಂತಿತು. ಖಾಡಿದು ಎರಡು ಅವರಿಗೆ ಸೇರಿದವು. ಆದ್ರ ಮುಖ್ಯ ಫೋಟೋ ಸಿಕ್ಕಿಲ್ಲ ಅಂದ್ರು. ಒಂದು ದೊಡ್ಡ ಬೂರಲ ಗಿಡ ಬೇಕು, ಅವರು ಬೂರುಗದ ಮರ ಅನ್ನತಿದ್ರು. ಎಲಿ ಎಲ್ಲಾ ಉದುರಿ ಬೋಳು ನಿಂತಿರಬೇಕು, ಟೊಂಗಿ ಟೊಂಗಿ ಕಾಣಬೇಕು. ಹೊಸಾ ಎಲಿ ಬರೂದರೊಳಗ ತಗೀಬೇಕು.

“ಎಲ್ಲಿ ಐತ್ರಿ?”

“ದಹಿಸರ್. ಸ್ಟೇಷನ್ನಿಂದ ನದಿ ಬದಿಯಲ್ಲೇ ಹೋದ್ರೆ ಸಿಕ್ತದೆ.”

ದಹಿಸರ್! ಚೆಂಬೂರಿಂದ ಮೂರು ಗಾಡಿ, ಹತ್ತಿಪ್ಪತ್ತು ಸ್ಟೇಷನ್. ನಾ ಮಾರಿ ಸಣ್ಣದು ಮಾಡಿದೆ. “ಈ ಕಡೆ ಎಲ್ಲೂ ಇಲ್ಲೇನ್ರಿ?”

“ನನಗೆ ಗೊತ್ತಿದ್ದದ್ದು ಅದೊಂದೇ,” ಅಂದ್ರು. ಕೈಗಡಿಯಾರ ಬಿಚ್ಚಿ ನನ್ನ ಕೈಯಾಗ ಇಟ್ರು. “ಇಳಿಬೇಕು ಅಂತ ಕಂಡ್ರೆ ಇಳಿ. ನಾನೇನು ಬೈಯುದಿಲ್ಲ. ಆದರೆ ನಾಯಿ ಯಾವಾಗ ಶುರು ಮಾಡಿತು, ಯಾವಾಗ ನಿಲ್ಲಿಸಿತು, ಎರಡು ಹೊತ್ತು ನನಗೆ ಬೇಕು. ಅದು ನನ್ನ ಕೆಲಸಕ್ಕೆ.”

ಐತವಾರ ಮುಂಜಾನೆ ಕುರ್ಲಾದಾಗ ಬದಲಿಸಿದೆ, ದಾದರದಾಗ ಬದಲಿಸಿದೆ. ಅಲ್ಲೀತನಕ ಗಾಡಿ ಖಾಲಿ, ನಾಯಿ ಮಲಗಿತ್ತು. ಮಾಹೀಮ್ ಖಾಡಿ ದಾಟಿ ಬಾಂದ್ರಾದಾಗ ಮಂದಿ ಹತ್ತಿದ್ರು, ಒಂದು ಲಗ್ನದ ದಿಬ್ಬಣ, ಬಾಜಾದವರ ಸುದ್ದ. ದೊಡ್ಡ ಡೋಲು ನನ್ನ ಎದಿಗೆ ಒತ್ತಿತು. ಶುರು ಆತು. ಗಡಿಯಾರ ನೋಡಿದೆ, ಎಂಟು ಇಪ್ಪತ್ತು. ಕೈ ತಣ್ಣಗ. ಕಿವ್ಯಾಗ ಗಿರಣಿ. ಖಾರ್ ಬಂತು, ಎದ್ದು ನಿಂತೆ. ಗಾಡಿ ಬಿಡ್ತು. ಸಾಂತಾಕ್ರೂಜ್ ಬಂತು, ಡೋಲಿನ ಸಂದಿನಾಗ ನುಸುಳಿ ಬಾಗಲಿಗೆ ಬಂದೆ. ಒಂದು ಕಾಲು ಕೆಳಗ ಇಟ್ಟೂ ಆತು.

ಗಡಿಯಾರ ನೋಡಿದೆ. ಐದು ನಿಮಿಷ ಆಗಿತ್ತು.

ಆವಾಗ ನನಗ ಹೊಳದದ್ದು ಧೈರ್ಯದ ಮಾತಲ್ಲ, ಕಸಬಿನ ಮಾತು. ಐದು ನಿಮಿಷಕ್ಕ ತಗದ್ರ ಪ್ಲೇಟು ಪೇಲವ ಬರ್ತೈತಿ. ನಾ ದಿನಾ ಮಾಡಾಕ ಹತ್ತಿದ್ದು ಅದ ಅಲ್ಲೇನು? ಪ್ರತಿ ಸ್ಟೇಷನ್ನಿಗೆ ಅಂಜಿಕೀನ ಅರ್ಧಕ್ಕ ಹೊರಗ ತಗಿಯೂದು. ಒಂದ ದಿನಾರ ಪೂರ್ತಿ ಹೊತ್ತು ನೀರಿನಾಗ ಬಿಟ್ಟಿದ್ದೆನು? ಬಿಟ್ಟ ನೋಡೂಣು. ಸತ್ರ ಸತ್ತೆ, ಬಾಯಾರಿಗೆ ಒಂದು ಮೆದುಳಾರ ಸಿಗತೈತಿ ಅಂತ ಕಾಲು ಒಳಗ ತಗೊಂಡೆ.

ಡೋಲಿನಾಂವ ನನ್ನ ಮಾರಿ ನೋಡಿ, ವಾಂತಿ ಬರ್ತೈತೇನು ಅಂತ ಕೇಳಿದ. “ಕ್ಯಾ ಭಾಯ್, ಉಲ್ಟೀ ಹೋಗೀ ಕ್ಯಾ?”

“ನಹೀ. ಡರ್ ಲಗತಾ ಹೈ,” ಅಂದೆ. ಅಂಜಿಕಿ ಬರ್ತೈತಿ ಅಂತ ಸೀದಾ ಅಂದೆ. ಯಾಕೋ ಗೊತ್ತಿಲ್ಲ.

“ಶಾದೀ ಇಸಕೀ ಹೈ, ಡರ್ ತೇರೇಕೋ?” ಲಗ್ನ ಇವಂದು, ಅಂಜಿಕಿ ನಿನಗೇನು ಅಂತ ಮದುಮಗನ ಕಡೆ ಬೆರಳು ಮಾಡಿದ. ದಿಬ್ಬಣೆಲ್ಲ ನಕ್ಕಿತು. ಮದುಮಗ ಮಾತ್ರ ನಗಲಿಲ್ಲ, ಅವನ ಮಾರಿನೂ ನನ್ನಂಗ ಇತ್ತು. ಅವರೆಲ್ಲ ಸರದು ನನ್ನನ್ನ ಅವನ ಮಗ್ಗಲಾಗ ಕುಂಡ್ರಿಸಿದ್ರು. ಇಬ್ಬರೂ ಕುಂತಿವಿ. ವಿಲೇಪಾರ್ಲೆ ಹೋತು. ಅಂಧೇರಿ ಬರೂ ಮುಂದ ಕಿವ್ಯಾಗಿನ ಗಿರಣಿ ಸಣ್ಣಾತು, ಆಮ್ಯಾಲ ನಿಂತಿತು. ಅದರಷ್ಟಕ್ಕ ಅದ ನಿಂತಿತು. ಎಂಟು ಮೂವತ್ತೊಂದು. ಹನ್ನೊಂದು ನಿಮಿಷ. ಒಂದೂವರಿ ವರ್ಷ ನಾ ಓಡಿದ್ದು ಹನ್ನೊಂದು ನಿಮಿಷಕ್ಕ ಅಂಜಿ. ನನಗ ಸಿಟ್ಟ ಬಂತು, ಖರೇ ಹೇಳ್ತೀನಿ.

ದಹಿಸರದಾಗ ನದಿ ಬದೀಲೆ ಹೋದೆ. ಎಮ್ಮಿ ಮೈ ತೊಳಸಾಕ ಹತ್ತಿದ್ರು. ತಬೇಲಾ ದಾಟಿದ ಮ್ಯಾಲ ಕಾಣಿಸ್ತು ಬೂರಲ ಗಿಡ. ಎಲಿ ಒಂದಿಲ್ಲ. ಟೊಂಗಿ ತುದೀಗೆ ಅಂಗೈಯಷ್ಟು ಕೆಂಪು ಹೂ, ಅದರಾಗ ಕಾಗಿ, ಗಿಣಿ, ಸಾಳುಂಕಿ ತಲಿ ಹಾಕಿ ಕುಡೀಯಾಕ ಹತ್ತಿದ್ದವು. ಗಿಡದ ಕೆಳಗ ನಿಂತು ಮ್ಯಾಲ ನೋಡಿದೆ. ಮುಂಬೈಗೆ ಬಂದ ಮ್ಯಾಲ ನಾ ತಲಿ ಎತ್ತಿ ನೋಡಿದ್ದು ಅದ ಮೊದಲು. ಹನ್ನೆರಡು ಹೊಡದೆ, ಹನ್ನೆರಡಕ್ಕೂ ಉಸಿರು ಬಿಟ್ಟೆ. ಒಂಬತ್ತು ಚಲೋ ಬಂದವು.

ಬಾಯಾರು ಫೋಟೋ ಆಮ್ಯಾಲ ನೋಡಿದ್ರು, ಮೊದಲು ಹೊತ್ತು ಕೇಳಿದ್ರು. ಹನ್ನೊಂದು ಅಂದೆ. ವಹಿಯಾಗ ಬರಕೊಂಡು, “ಒಳ್ಳೆ ನಾಯಿ. ಕೆಲವರದ್ದು ಇನ್ನೂ ಹೆಚ್ಚು ಬೊಗಳ್ತದೆ,” ಅಂದ್ರು.

ಭಾಷಣದ ದಿನ ಹಿಂದ ನಿಂತು ಸ್ಲೈಡ್ ಹಾಕಾಂವ ನಾನ. ಗಿಡ ಒಂದು ಕಡೆ, ನರ ಒಂದು ಕಡೆ. ಎರಡೂ ಕರಿ ಬಿಳಿ. “ಯಾವುದು ಯಾವುದು?” ಅಂತ ಇಂಗ್ಲಿಷ್‌ನಾಗ ಕೇಳಿದ್ರು. ಅರ್ಧಾ ಸಭಾ ತಪ್ಪು ಹೇಳ್ತು. ಕಾಗಿ ಕುಂತದ್ದು ಯಾರೂ ನೋಡಿರಲಿಲ್ಲ. ಗಿಡದ ಫೋಟೋ ಹೊಡದಾಂವ ನಮ್ಮ ಡಾರ್ಕ್‌ರೂಮಿನ್ಯಾಂವ ಅಂತ ನನ್ನ ಕಡೆ ಕೈ ಮಾಡಿದ್ರು. ನಾ ಮಿಷಿನ್ ಹಿಂದ ಬಗ್ಗಿ ಬಲ್ಬ್ ನೋಡಿದಂಗ ಮಾಡಿದೆ. ಮರುದಿನ ಸಾಹೇಬ ನನ್ನ ಪ್ಲೇಟು ಬೆಳಕಿಗೆ ಹಿಡದು ಹಿಡದು ನೋಡಿದ. ಎಲ್ಲಾ ಒಂದ ಕಪ್ಪು. “ಠೀಕ್ ಹೈ, ರಹನೇ ದೋ,” ಅಂದ, ಇರಲಿ ಬಿಡು ಅಂತ.

ಇದ್ದೆ, ಆದ್ರ ಭಾಳ ದಿನ ಇರಲಿಲ್ಲ. ದಹಿಸರದ ಒಂದು ಸ್ಟುಡಿಯೋದಾಗ ಕೆಲಸ ಸಿಕ್ತು, ದೀಪ ಹಚ್ಚೂ ಹಬ್ಬಕ್ಕ ಮೊದಲ ದವಾಖಾನಿ ಬಿಟ್ಟೆ. ಹೋಗಿ ಬರ್ತೀನ್ರಿ ಬಾಯಾರ ಅಂತ ಹೇಳಾಕ ಹೋದಾಗ ಅವರು ದುರ್ಬೀನದಾಗ ಇದ್ರು. “ಹ್ಞೂಂ, ಒಳ್ಳೇದಾಗಲಿ, ಬಾಗಿಲು ಹಾಕ್ಕೊಂಡು ಹೋಗು,” ಅಂದ್ರು. ಹಾಕ್ಕೊಂಡು ಬಂದೆ. ಅಷ್ಟ. ಅಂಜಿಕಿ ಈಗೂ ವರ್ಷದಾಗ ಎರಡು ಮೂರು ಸಲ ಬರ್ತೈತಿ. ಬರಲಿ ಬಿಡ್ರಿ, ಬೊಗಳಿ ಹೋಗತೈತಿ.

ಇಲ್ಲೀಗೆ ಬರದು ನಿಲ್ಲಿಸಬೇಕಂತ ಇದ್ದೆ. ಆದ್ರ ಬುಧವಾರ ಇನ್ನೊಂದು ಆತು.

ಸಣ್ಣ ದವಾಖಾನಿಯವರು ಅಕ್ಕನ ಮೊಣಕಾಲು ದೊಡ್ಡವರಿಗೆ ತೋರಿಸ್ರಿ ಅಂದ್ರು. ಬೈಕುಲ್ಲಾಕ್ಕ ಅದ ದವಾಖಾನಿಗೆ ಕರಕೊಂಡು ಹೋದೆ. ನಾ ಕೆಲಸಕ್ಕಿದ್ದಾಗ ನಮಗ ಹಿಂದಿನ ಗೇಟು, ಲಾಂಡ್ರಿ ಸಂದಿಯಾಗಿಂದ. ಪೇಶಂಟ್ ಮಂದಿಗೆ ಮುಂದಿನ ಗೇಟು. ಆ ಗೇಟಿನಾಗ ಕಾಲಿಟ್ಟದ್ದು ನಾ ಇದ ಮೊದಲು. ಅಕ್ಕ ಕುಂಟಕೋತ ಮುಂದ ನಡದ್ಲು. ನಾ ನಿಂತಬಿಟ್ಟೆ.

ಹೂವಿನ ತ್ವಾಟದ ನಟ್ಟನಡುವ ಒಂದು ಬೂರಲ ಗಿಡ. ಬೋಳು. ತುಂಬ ಕೆಂಪು ಹೂ. ಬೊಡ್ಡಿ ಮೂರು ಮಂದಿ ತೆಕ್ಕಿಗೆ ಸಿಗಂಗಿಲ್ಲ. ಇದು ಎಂಟು ವರ್ಷದಾಗ ಬೆಳದ ಗಿಡ ಅಲ್ಲ. ದಹಿಸರದ್ದು ಇದರ ಮುಂದ ಕೂಸು. ಅದರ ಟೊಂಗಿ ಹಾದು ಹೋಗಿ ಎರಡನೇ ಮಜಲಿನ ಒಂದು ಕಿಡಕಿಗೆ ತಾಗಿದ್ದವು. ಕಿಡಕಿ ಎಣಿಸಿದೆ. ಮೆದುಳಿನ ಖಾತೆ. ಬಾಯಾರ ಖೋಲಿ.

ಅಕ್ಕನ್ನ ಸಾಲಿನಾಗ ಕುಂಡ್ರಿಸಿ ಮ್ಯಾಲ ಓಡಿದೆ. ಬಾಯಾರಿಲ್ಲ. ರಿಟೈರ್ ಆಗಿ ಊರಿಗೆ ಹೋಗಿ ಮೂರು ವರ್ಷಾತಂತ. ಅವರ ಹಳೇ ಪಿವೂನ್ ಇದ್ದ, ಗುರ್ತು ಹಿಡದ. ಆ ಗಿಡದ ಮಾತು ತಗದೆ.

“ವೋ ಝಾಡ್? ಬಾಯಿ ಕೀ ಜಾನ್ ಥೀ ಉಸಮೇ,” ಅಂದ ಅಂವ, ಬಾಯಾರ ಜೀವಾನ ಆ ಗಿಡದಾಗ ಇತ್ತಂತ. ದಿನಾ ನಾಕಕ್ಕ ಚಾ ಹಿಡಕೊಂಡು ಆ ಕಿಡಕ್ಯಾಗ ಕುಂತು ಗಿಣಿ ನೋಡೂದು ಬಾಯಾರ ಚಟ ಅಂತ. ಒಂದು ವರ್ಷ ಮಾತ್ರ ಫೆಬ್ರುವರಿ ಮಾರ್ಚಿನಾಗ ಪರದೆ ಹಾಕಿಸಿದ್ರಂತ. “ತೇರೇ ಆನೇ ಕಾ ಟೈಮ್ ಹೋತಾ ಥಾ ತೋ ಬೋಲತೀ ಥೀ, ಪರದಾ ಖೀಂಚೋ.” ನಾ ಬರೋ ಹೊತ್ತಾತು, ಪರದೆ ಎಳಿ. ದಪ್ಪನ ಹಸರು ಪರದೆ. ದುರ್ಬೀನದ ಸಲುವಾಗಿ ಹಾಕ್ಯಾರ ಅಂದಕೊಂಡಿದ್ದೆ ನಾ.

ಕೆಳಗ ಬಂದು ಸಾಲಿನಾಗ ಕುಂತೆ. ಅಕ್ಕಗ ಎಲ್ಲಾ ಹೇಳಿದೆ, ಇಲ್ಲಿ ನಿಮಗ ಹೇಳಿದಷ್ಟೂ. ಅಕ್ಕ ಬಾಯಿ ತಕ್ಕೊಂಡು ಕೇಳಿದ್ಲು. ಮೊದಲು ಅಂದದ್ದು, “ಹಂಗಾರ ಡ್ಯೂಟಿ ಲಗೂ ಆಗಿದ್ದು ಸುಳ್ಳೇನೋ? ನಾಕಕ್ಕ ಎದ್ದು ರೊಟ್ಟಿ ಬಡದೆನಲ್ಲೋ ನಿನ ಸಲುವಾಗಿ, ಭಾಡ್ಯಾ!”

ನಂಬರ್ ಬಂತು, ಏಳಲಿಲ್ಲ. “ಆ ಬಾಯಿ ಊರು ಎಷ್ಟು ದೂರ?” ಅಂದ್ಲು.

“ಒಂದು ಹಗಲು ಒಂದು ರಾತ್ರಿ ಬಸ್ಸು.”

“ಬದುಕ್ಯಾರಲ್ಲ?”

“ಪಿವೂನಗ ಈ ಸಂಕ್ರಾಂತಿಗೆ ಕಾರ್ಡ್ ಬರದಾರಂತ.”

“ಮತ್ತ ಇಲ್ಲಿ ಯಾಕ ಕುಂತಿ? ಮೊಣಕಾಲು ನಂದು, ನಾ ತೋರಿಸ್ಕೋತೀನಿ.”

ಬಸ್ಸಿನ ಟಿಕೀಟು ತಗಿಸೀನಿ, ಶುಕ್ರವಾರದ್ದು. ಅಕ್ಕ ಖಡಕ್ ರೊಟ್ಟಿ ಕಟ್ಟಾಕಿ ಅದಾಳ. ಉಪಕಾರ ಆತ್ರಿ ಅಂತ ಚಂದಂಗ ಹೇಳೂದು ನನಗ ಬರಂಗಿಲ್ಲ, ಹೇಳಾಕ ಹೋದ್ರ ಮಾತು ಸಿಕ್ಕೊಂತೈತಿ. ಅದಕ್ಕ ಹೇಳಂಗಿಲ್ಲ. ಅವರ ಪಡಸಾಲ್ಯಾಗ ಹೋಗಿ ನಿಲ್ಲತೀನಿ, ಗುರ್ತು ಹಿಡೀಲಿ ಬಿಡ್ಲಿ, ಒಂದ ಮಾತು ಕೇಳ್ತೀನಿ: ಬಾಯಾರ, ಕಿಡಕಿ ಹೊರಗ ಅಷ್ಟು ದೊಡ್ಡ ಗಿಡ ಇಟ್ಟಕೊಂಡು ನನ್ನನ್ನ ದಹಿಸರ್‌ಗೆ ಕಳಿಸಿದ್ರೆಲ್ರಿ?